ಬಂಡಿಗಾಲಿ ಪಟ್ಟಿಯ ಅರ್ಥಿಂಗು

ಗಂಗಾವತಿಯ ಒಂದು ಅಕ್ಕಿ ಗಿರಣಿಯಾಗ ನಾನು ವೈರಮನ್ ಆಗಿದ್ದೆ. ನಿಜಾಮರ ಕಾಲ, ಹೊರಗ ದೊಡ್ಡ ಯುದ್ಧ ನಡದಿತ್ತು. ಊರಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಗಿರಣಿಗೆ ಮಾತ್ರ ತನ್ನದೇ ಎಣ್ಣಿ ಎಂಜಿನ್ನು, ಅದಕ್ಕೊಂದು ಡೈನಮೋ. ಕರೆಂಟಿನ ಮಿಸ್ತ್ರಿ ಅಂದ್ರ ಊರಿಗೆಲ್ಲಾ ನಾನೊಬ್ಬನ. ನನ್ನ ಠೀವಿ ಏನ್ ಕೇಳ್ತೀರಿ!

ಗಿರಣಿ ಹಿಂದ ಭತ್ತ ನೆನೆಹಾಕೋ ತೊಟ್ಟಿ ಇತ್ತು. ನಮ್ಮವ್ವಗ ಅಲ್ಲೇ ಕೆಲಸ. ದಿನವೆಲ್ಲಾ ಬರಿಗಾಲಿಲೆ ನೀರಾಗ ನಿಂತು ಭತ್ತ ಎತ್ತಾಕಿ. ಆ ತೊಟ್ಟಿಗೆ ನೀರು ತುಂಬಾಕ ಗಿರಣಿ ಸಾವಕಾರ್ರು ಹೊಸ ಮೋಟರ್ ಪಂಪು ತರಿಸಿದ್ರು. ಅದನ್ನ ನೋಡಿದ್ದೇ ತಡ ಅವ್ವ, "ಬೆನ್ನು ಆನಿಸಾಕ ಛಲೋ ಆತು ಬಿಡು" ಅಂದ್ಲು. ನನ್ನ ಎದಿ ಧಸಕ್ ಅಂತು.

ಯಾಕಂದ್ರ ಮೋಟರಿನ ಒಳಗಿನ ತಂತಿ ಸವೆದು ಮೋಟರಿನ ಮೈಗೆ ತಾಗಿದ್ರ ಇಡೀ ಕಬ್ಬಿಣಕ್ಕ ಕರೆಂಟ್ ಏರ್ತೈತಿ. ಅದು ಎಂಜಿನ್ ಮನಿಗೆ ವಾಪಸ್ ಓಡಿ ಫ್ಯೂಜು ಹಾರಿಸಬೇಕು. ಆ ಓಟಕ್ಕ ದಾರಿ ಅಂದ್ರ ಅರ್ಥಿಂಗ್ ತಂತಿ. ಕರೆಂಟ್ ತರೋ ತಂತಿ ಎಷ್ಟು ದಪ್ಪ ಐತಿ ಅಂತ ನೋಡಿ ಇದರ ದಪ್ಪ ಹಿಡೀಬೇಕು. ನಾನು ದಪ್ಪನ ತಾಮ್ರ ಕೇಳಿದೆ.

ಸಾವಕಾರ್ರು ನಕ್ಕರು. "ದಿನಾ ಕರೆಂಟೇ ಹರೀದ ತಂತಿಗೆ ಯಾಕಲೇ ಅಷ್ಟು ದಪ್ಪ? ಈ ಯುದ್ಧದಾಗ ತಾಮ್ರ ಎಲ್ಲಿಂದ ತರೂದು?" ಅಂದು, ಹೂ ಕಟ್ಟೋ ದಾರದಂಥ ಒಂದು ತಂತಿ ಕೈಗಿಟ್ರು.

ನನಗ ಸಿಟ್ಟು ನೆತ್ತಿಗೇರಿತು. ಬಾಯಿಮಾತಿಗೆ ಬಗ್ಗೋ ಮನಷ್ಯಾ ಅಲ್ಲ ಅವರು. ಹೆಣ್ಣಮಕ್ಕಳನ್ನೆಲ್ಲಾ ಅಂಗಳಕ್ಕ ಕಳಿಸಿ, ಸಾವಕಾರ್ರ ಕಣ್ಣೆದುರೇ ಅವರು ಕೊಟ್ಟ ಸಣ್ಣ ತಂತಿನ ಅರ್ಥಿಂಗಿಗೆ ಹಾಕಿದೆ. ಬೇಕಂತಲೇ ಕರೆಂಟಿನ ತಂತಿ ಮೋಟರಿನ ಮೈಗೆ ಬಿಗಿದು, ದೂರದಿಂದ ಸ್ವಿಚ್ ಹಾಕಿಸಿದೆ. ಚಟ್! ಸಣ್ಣ ತಂತಿ ಕೆಂಪಗಾಗಿ ತುಂಡಾಗಿ ಬಿತ್ತು. ಫ್ಯೂಜು ಮಾತ್ರ ಏನೂ ಆಗದಂಗ ಕುಂತಿತ್ತು. ಒಂದು ಬಲ್ಬಿನ ತಂತಿ ಮೋಟರಿಗೆ, ಇನ್ನೊಂದು ನೆಲಕ್ಕ ಬಡಿದ ಕಬ್ಬಿಣದ ಗೂಟಕ್ಕ ಹಿಡಿದೆ. ಬಲ್ಬು ಹತ್ತಿತು.

"ಯಪ್ಪಾ!" ಅಂದು ಸಾವಕಾರ್ರು ಹಿಂದ ಸರಿದ್ರು.

"ಮೋಟರಿನ ಮೈಯಾಗ ಇನ್ನೂ ಕರೆಂಟ್ ಐತ್ರಿ. ಈಗ ಯಾರರ ಮುಟ್ಟಿದ್ರ ಮುಗೀತು" ಅಂದೆ.

ಎಷ್ಟು ಹುಡುಕಿದ್ರೂ ತಾಮ್ರ ಸಿಗಲಿಲ್ಲ. ಕಡೀಕ ಸಾವಕಾರ್ರೇ ಕೇಳಿದ್ರು: "ಬಂಡಿಗಾಲಿಯ ಕಬ್ಬಿಣದ ಪಟ್ಟಿ ನಡೀತೈತೇನು?" ತಾಮ್ರದಷ್ಟು ಸಲೀಸಾಗಿ ಕಬ್ಬಿಣದಾಗ ಕರೆಂಟ್ ಹೋಗಂಗಿಲ್ಲ, ಅದಕ್ಕ ಕಬ್ಬಿಣ ಹೆಚ್ಚು ದಪ್ಪ ಬೇಕು. ಗಾಲಿ ಪಟ್ಟಿ ಹೆಂಗೂ ದಪ್ಪನ. "ಭೇಷ್ ನಡೀತೈತ್ರಿ!" ಅಂದೆ. ಹಳೇ ಗಾಲಿಗಳ ಪಟ್ಟಿ ಬಿಚ್ಚಿಸಿ, ಕಂಬಾರನ ಕಡಿಂದ ನೆಟ್ಟಗ ಬಡಿಸಿ, ಒಂದಕ್ಕೊಂದು ಜೋಡಿಸಿ ತೊಟ್ಟಿಯಿಂದ ಎಂಜಿನ್ ಮನಿತನಕ ಹಾಸಿದ್ವಿ. ವಿರೂಪಾಪುರಗಡ್ಡಿಯಿಂದ ಭತ್ತ ತಂದ ಬಂಡಿಯವರು, "ಏನ್ರಿ ಮಿಸ್ತ್ರಿ, ಕರೆಂಟಿಗೂ ಎತ್ತು ಕಟ್ತೀರೇನ್ರಿ?" ಅಂತ ಕಿಚಾಯಿಸಿದ್ರು.

ಎರಡು ಮಳಿಗಾಲ ಕಳದ ಮ್ಯಾಲ, ಒಂದಿನ ಮುಂಜಾನೆ ಎಂಜಿನ್ ಮನಿಯಾಗ ಫ್ಯೂಜು ಫಟ್ ಅಂತ ಹಾರಿತು. ತೊಟ್ಟಿ ಕಡೆ ಓಡಿದೆ. ಅವ್ವ ನೀರಾಗ ನಿಂತಿದ್ಲು, ಒಂದು ಕೈ ಮೋಟರಿನ ಮ್ಯಾಲ. ಮೋಟರ್ ಬಿಚ್ಚಿ ನೋಡ್ತೀನಿ, ಒಳಗಿನ ತಂತಿ ಕರಕಲಾಗಿ ಮೈಗೆ ಅಂಟಿಕೊಂಡೈತಿ. ಗಾಲಿ ಪಟ್ಟಿ ಉದ್ದಕ್ಕೂ ನೋಡಿದೆ, ಒಂದು ಜೋಡಣೆನೂ ಬಿಟ್ಟಿರಲಿಲ್ಲ.

"ಬಾಯಿ ತಕ್ಕೊಂಡು ಏನ್ ನಿಂತಿ? ಅರ್ಧ ತೊಟ್ಟಿ ತುಂಬಿಲ್ಲ, ಅಷ್ಟರಾಗ ನಿಲ್ಲಿಸಿಬಿಟ್ಟಿ! ದೊಡ್ಡ ಮಿಸ್ತ್ರಿ ಅಂತ, ಒಂದು ಪಂಪು ನಡಸಾಕ ಬರಂಗಿಲ್ಲ!" ಅವ್ವ ಎಲ್ಲಾರ ಮುಂದ ಬೈದ್ಲು. ಹೆಣ್ಣಮಕ್ಕಳು ಬಿದ್ದುಬಿದ್ದು ನಕ್ಕರು.

"ಇನ್ನೂ ಬೈಯಿ, ಯವ್ವಾ" ಅಂದೆ.