ಕೋಠಾರಕ್ಕೆ ಮೂವತ್ತೇಳು ಸಲ ಸುಣ್ಣ

ಮರಾಠಿ ಸೀಮೆಯ ಕಲ್ಯಾಣದ ಆಚೆ, ಉಲ್ಹಾಸ ನದಿಯ ದಂಡೆಯಲ್ಲಿ, ನಮ್ಮ ಚಾಳಿನ ಗೋಡೆಗೆ ತಾಗಿಕೊಂಡೇ ಒಂದು ಹಳೆಯ ಹಣ್ಣಿನ ತೋಟದ ವಾಡಿ ಇದೆ. ಎಂಬತ್ತಾರು ಚಿಕ್ಕು ಮರ, ಹತ್ತೊಂಬತ್ತು ಮಾವು, ನಾಲ್ಕು ನೇರಳೆ. ನಡುವೆ ಕಲ್ಲಿನ ಬಾವಿ, ದನದ ಕೊಟ್ಟಿಗೆ, ಹಿಂದೆ ಭತ್ತ ತುಂಬುತ್ತಿದ್ದ ಕಣಜದ ಮನೆ. ಕಣಜದ ಮನೆಗೆ ಇಲ್ಲಿಯವರು ಕೋಠಾರ ಎನ್ನುತ್ತಾರೆ. ಇಷ್ಟನ್ನೂ ನೋಡಿಕೊಳ್ಳುವವಳು ಚಂದವ್ವ.

ಅವಳು ಸಿಂದಗಿ ಕಡೆಯವಳು. 1988ರಲ್ಲಿ ಗಂಡ ಜಟ್ಟೆಪ್ಪನ ಜೊತೆ ಬಂದಳು. ಅವನು ಗೂಡ್ಸ್ ಯಾರ್ಡಿನಲ್ಲಿ ಹಮಾಲಿಗೆ ನಿಂತ, ಇವಳು ವಾಡಿಯ ಕೆಲಸಕ್ಕೆ ನಿಂತಳು. ಕೊಟ್ಟಿಗೆ ಪಕ್ಕದ ಖೋಲಿಯೇ ಅವರ ಮನೆ. ನಾನು ದೇವರ ಹೂವಿಗೆಂದು ಅಲ್ಲಿಗೆ ಹೋಗತೊಡಗಿ ಹದಿನಾರು ವರ್ಷವಾಯಿತು. ನನ್ನದು ಕುಂದಾಪುರದ ಮಾತು, ಅವಳದು ವಿಜಯಪುರದ್ದು. ಮೊದಲ ಒಂದು ತಿಂಗಳು ಇಬ್ಬರೂ ಕೈಸನ್ನೆಯಲ್ಲೇ ಹೆಚ್ಚು ಮಾತಾಡಿದೆವು.

ಮಹಾನವಮಿಗೆ ಮುಂಚೆ ಮನೆಗೆ ಸುಣ್ಣ ಹಚ್ಚುವುದು ಅವಳ ಊರಿನ ಪದ್ಧತಿ. ಚಂದವ್ವ ಬಂದ ವರ್ಷದಿಂದಲೂ ಖೋಲಿಗೆ ಹಚ್ಚಿ, ಅಲ್ಲಿಗೆ ಬಿಡದೆ ಕೋಠಾರಕ್ಕೂ ಹಚ್ಚುತ್ತಿದ್ದಳು. ಯಾರೂ ಹೇಳಿದ್ದಲ್ಲ, ಕೂಲಿಯೂ ಇಲ್ಲ. ಸುಣ್ಣದ ಹರಳನ್ನು ಮೂರು ದಿನ ಡ್ರಮ್ಮಿನಲ್ಲಿ ನೆನೆಸಿ, ಹಳೆಯ ಧೋತರದಲ್ಲಿ ಸೋಸಿ, ಅಂಟು ಕಲಸಿ, ಒಂದು ಚಿಟಿಕೆ ನೀಲಿ ಹಾಕುವಳು. ಬುಡದಲ್ಲಿ ಒಂದು ಮೊಳ ಕೆಮ್ಮಣ್ಣಿನ ಪಟ್ಟಿ.

"ಆ ಗೋಡಿಗಿ ಹಚ್ಚಿದ್ದರಾಗ ಕಾಲುಭಾಗ ನನ್ನ ಎಲಿ-ಅಡಿಕಿಗಿ ಕೊಟ್ಟಿದ್ರ ನಾ ಸುಖದಾಗ ಇರ್ತಿದ್ದೆ," ಎಂದು ಜಟ್ಟೆಪ್ಪ ಕಟ್ಟೆಯ ಮೇಲೆ ಕುಳಿತು ಛೇಡಿಸುವನು.

"ಗ್ವಾಡಿ ಹೇಳಿದ್ದ ಮಾತ ಕೇಳ್ತದ. ನೀ ಕೇಳ್ತೀಯೇನು?" ಎನ್ನುವಳು ಇವಳು.

ಈ ವರ್ಷ ಮಾರ್ಚಿನಲ್ಲಿ ಮಾಲಕರ ಮಕ್ಕಳು ವಾಡಿಯನ್ನು ಟವರು ಕಟ್ಟುವವರಿಗೆ ಕೊಡುವ ಮಾತಾಯಿತು. ಹಳೆಯ ಕಟ್ಟಡ ಇದ್ದರೆ ಅದನ್ನು ಕೆಡವುವ ಹಾಗಿಲ್ಲ, ಸುತ್ತಲಿನ ತೋಟವನ್ನೂ ಉಳಿಸಬೇಕು ಎಂದು ನಿಯಮವಂತೆ. ಆದರೆ ಸರ್ವೆಯವರು ಬಂದು ನೋಡಿ, ಕೋಠಾರದ ಹೆಸರಿನ ಮುಂದೆ "ಹೊಸ ಶೆಡ್ಡು" ಎಂದು ಬರೆದುಕೊಂಡು ಹೋದರು. ಸುದ್ದಿ ತಂದವನು ಬಿಲ್ಡರಿನ ಕಡೆಯ ಸೂಪರ್ವೈಜರ್ ಲತೇಶ್. ಡೊಂಬಿವಲಿಯಲ್ಲೇ ಹುಟ್ಟಿದ ಮಂಗಳೂರಿನ ಹುಡುಗ.

"ಹೊಸದ? ಎಂತ ಹೇಳ್ತಿಯಾ ಮಾರಾಯ?" ಎಂದು ಕೇಳಿದೆ.

"ದೀವಾರ್ ನೋಡಿ ಆಂಟಿ, ಚಕಾಚಕ್. ಹಳೇದು ಹೀಗೆ ಇರ್ತದಾ? ಪೋಪಡಿ ಎದ್ದು ಉದುರಬೇಕು, ಕಾಲಾ ಆಗಬೇಕು. ಈ ಚಂದವ್ವ ಮೌಶಿಯೇ ಹರ್ ಸಾಲ್ ನಯಾ ಮಾಡಿ ಇಟ್ಟಿದಾರೆ."

ಚಂದವ್ವ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು. "ಅಂದ್ರ, ನಾ ಹೊಲಸ ಬಿಟ್ಟಿದ್ರ ಉಳೀತಿತ್ತೇನು?" ಎಂದಳು. ಎರಡು ದಿನ ಅವಳು ಬಾವಿಯ ಕಡೆಯಿಂದಲೇ ಸುತ್ತಿಕೊಂಡು ನಡೆದಳು, ಕೋಠಾರದ ಮುಂದೆ ಹಾಯಲಿಲ್ಲ.

ನನಗೆ ಮಾತ್ರ ಒಂದು ಯೋಚನೆ ಹತ್ತಿತು. ಹೊಸ ಸುಣ್ಣ ಹಚ್ಚಿದರೆ ಹಳೆಯ ಸುಣ್ಣ ಎಲ್ಲಿಗೆ ಹೋಗುತ್ತದೆ? ಕೇಳಿದೆ.

"ಎಲ್ಲಿಗಿ ಹೋಗ್ತದ, ಅಲ್ಲೇ ಒಳಗ ಇರ್ತದ," ಎಂದಳು. ಹೇಳಿದವಳೇ ನನ್ನ ಮುಖ ನೋಡಿದಳು.

ಹಳೆಯ ಕಟ್ಟಡಗಳ ತಕರಾರು ಕೇಳುವ ಕಮಿಟಿಗೆ ಅರ್ಜಿ ಹಾಕಿದೆವು. ಎಂಟು ದಿನದ ಮೇಲೆ ಅಲ್ಲಿಂದ ನಿಶ್ಮಿತಾ ಎಂಬ ಕನ್ನಡದ ಹುಡುಗಿ ಬಂದಳು. ಕೈಚೀಲದಲ್ಲಿ ದಪ್ಪ ಭೂತಗನ್ನಡಿ, ಸಣ್ಣ ಚೂರಿ. ಲತೇಶನೂ ಬಂದು ನಿಂತ.

"ಎಷ್ಟು ವರ್ಷದ್ದು ಅಂತ ಕಾಗದ ಏನಾದ್ರೂ ಇದೆಯಾ ಅಮ್ಮ?" ಎಂದು ನಿಶ್ಮಿತಾ ಕೇಳಿದಳು.

"ಕಾಗದ ಇಲ್ಲವ್ವಾ. ಗ್ವಾಡಿ ಅದ. ಆದ್ರ ಕೆರೆಯೂದು ನಾನ. ನೀ ಕೈ ಹಚ್ಚಬ್ಯಾಡ."

ಬಾಗಿಲ ಹಿಂದಿನ ಮೂಲೆಯನ್ನು ಚಂದವ್ವನೇ ಆರಿಸಿದಳು. ಅಲ್ಲಿ ಸುಣ್ಣ ದಪ್ಪಗೆ ಕೂತಿರುತ್ತದೆ. ಚೂರಿ ಇಡುವ ಮುಂಚೆ, ಒಳಗೆ ಏನೇನು ಕಾಣುತ್ತದೆ ಎಂದು ಹೇಳಿಬಿಟ್ಟಳು. "ಮ್ಯಾಲಿಂದ ಐದನೇದ್ದು ತೆಳ್ಳಗ ಇರ್ತದ. ಲಾಕ್‌ಡೌನ್ ಇತ್ತು, ಹರಳ ಸಿಗಲಿಲ್ಲ, ಹಳೀ ತಿಳಿ ಹಚ್ಚಿದ್ದೆ. ಹದಿನಾಲ್ಕನೇದ್ದು ಹಳದಿ. ಆ ವರ್ಷ ನನ್ನ ಮಗಳು ಅನಸೂಯಾನ ಲಗ್ನ. ಇಪ್ಪತ್ತು ಮುಗದ ಮ್ಯಾಲ ಮಣ್ಣು. ಮಹಾಪೂರ ಬಂದಾಗ ನದಿ ಇಲ್ಲಿ ತನಕ ನಿಂತಿತ್ತು," ಎಂದು ಸೊಂಟ ಮುಟ್ಟಿ ತೋರಿಸಿದಳು. "ತೊಳದೆ, ಮೂಲ್ಯಾಗಿಂದು ಹೋಗಲಿಲ್ಲ."

ಮೊದಲ ಚೂರು ಬಿದ್ದಾಗ ಅವಳು ಕಣ್ಣು ಮುಚ್ಚಿದ್ದಳು. ಆಮೇಲೆ ತೆರೆದೇ ಕೆರೆದಳು, ಓರೆಯಾಗಿ, ಕೊಬ್ಬರಿ ಹೆರೆದ ಹಾಗೆ. ನಿಶ್ಮಿತಾ ಭೂತಗನ್ನಡಿ ಹಿಡಿದು ಎಣಿಸಿದಳು. ಐದನೆಯದು ತೆಳುವಾಗಿತ್ತು. ಹದಿನಾಲ್ಕನೆಯದು ಹಳದಿಯೇ. ಇಪ್ಪತ್ತರ ಕೆಳಗೆ ಕಂದು ಗೆರೆ ಬಂದಾಗ ಲತೇಶ್ "ಅರೇ ಬಾಪ್ ರೇ" ಎಂದು ತಾನೂ ಬಗ್ಗಿದ.

ಮಣ್ಣಿನ ಕೆಳಗೆ ಹದಿನೇಳು. ಎಲ್ಲ ಸೇರಿ ಚಂದವ್ವನ ಮೂವತ್ತೇಳು. ಗಾರೆ ಇನ್ನೂ ಬಂದಿರಲಿಲ್ಲ. ಅವಳು ಚೂರಿಯನ್ನು ನಿಶ್ಮಿತಾಳ ಕೈಗೆ ಕೊಟ್ಟಳು. "ಇಲ್ಲಿಂದ ಕೆಳಗ ನಂದಲ್ಲ, ಯಾರದೋ. ನೀನ ನೋಡು."

ಮತ್ತೆ ಮೂವತ್ತನಾಲ್ಕು ಪದರ ಸಿಕ್ಕವು. ನಡುವೆ ಒಂದು ಗಿಳಿಹಸಿರು. ಎಲ್ಲಕ್ಕೂ ಕೆಳಗೆ ಕಲ್ಲಿನಷ್ಟು ಗಟ್ಟಿ ಗಾರೆ. ಚಂದವ್ವ ಹಸಿರನ್ನು ಉಗುರಿನಿಂದ ಮುಟ್ಟಿ, "ಇದ್ಯಾರಪ್ಪಾ ಇಷ್ಟ ಷೋಕೀ ಮಂದಿ?" ಎಂದಳು. ಯಾರಿಗೂ ತಿಳಿಯಲಿಲ್ಲ. ನಾನು ಚಾಳಿನ ಹಿರಿಯರನ್ನೆಲ್ಲ ಕೇಳಿದೆ, ಅವರಿಗೂ ತಿಳಿಯದು.

"ಎಪ್ಪತ್ತೊಂದು ಪದರ," ಎಂದಳು ನಿಶ್ಮಿತಾ. "ಹಿಂದಿನವರು ವರ್ಷವರ್ಷ ಹಚ್ಚಿರಲಿಕ್ಕಿಲ್ಲ. ಕಟ್ಟಡ ಇನ್ನೂ ಹಳೇದು."

ಜುಲೈಯಲ್ಲಿ ಆರ್ಡರ್ ಬಂತು. ಮರಾಠಿಯಲ್ಲಿ ಇತ್ತು, ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿ ಹೇಳಿದೆ. ಕೋಠಾರ, ಕೊಟ್ಟಿಗೆ, ಬಾವಿ ಮುಟ್ಟುವ ಹಾಗಿಲ್ಲ. ಟವರು ನದಿಯ ಕಡೆ ಬಿಟ್ಟು ಆಚೆಯ ಖಾಲಿ ಜಾಗಕ್ಕೆ ಸರಿಯಬೇಕು. ಚಿಕ್ಕು, ನೇರಳೆ ಎಲ್ಲ ಉಳಿಯುತ್ತವೆ. ರಸ್ತೆಗೆ ಏಳು ಮಾವು ಹೋಗುತ್ತವೆ.

"ಯಾವ ಏಳು?"

ಪಾಗಾರದ ಸಾಲಿನವು ಎಂದೆ. ಎದ್ದು ಹೋಗಿ ಪಾಗಾರದ ಉದ್ದಕ್ಕೂ ನಡೆದು ಬಂದಳು. "ಅದರಾಗ ಎರಡ ಭಾಳ ಸಿಹಿ," ಎಂದಳು, ಅಷ್ಟೇ.

ಆರ್ಡರಿನ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಕೋಠಾರದ ಗೋಡೆಗೆ ಪರವಾನಗಿ ಇಲ್ಲದೆ ಏನೂ ಹಚ್ಚಬಾರದು.

"ಸುಣ್ಣಾನೂ?"

"ಸುಣ್ಣವೂ."

"ಉಳಿಸಿದ್ದ ಸುಣ್ಣ. ಮತ್ತ ಅದಕ್ಕ ಬಂದಿ ಹಾಕ್ಯಾರ! ಶ್ಯಾಣ್ಯಾ ಮಂದಿ ಬಿಡು."

ಜಟ್ಟೆಪ್ಪ ನಕ್ಕು, "ಈ ವರ್ಷ ನನ್ನ ಎಲಿಗಿ ಪೂರಾ ಸಿಗ್ತದ," ಎಂದ.

ಅವಳು ನಗಲಿಲ್ಲ. ಮಹಾನವಮಿಗೆ ಇಪ್ಪತ್ತಮೂರು ದಿನ ಇರುವಾಗ ನನ್ನಿಂದ ಅರ್ಜಿ ಬರೆಸಿದಳು: ಹಬ್ಬ ಬಂದಿದೆ, ಸುಣ್ಣಕ್ಕೆ ಪರವಾನಗಿ ಕೊಡಬೇಕು, ಕೆರೆದ ಮೂಲೆಯನ್ನು ಒಂದು ಗೇಣು ಸುತ್ತ ಬಿಟ್ಟು ಹಚ್ಚುತ್ತೇನೆ, ಬಣ್ಣ ಹಾಕುವುದಿಲ್ಲ. ಕೆಳಗೆ ಹೆಬ್ಬೆಟ್ಟು ಒತ್ತಿದಳು. ಉತ್ತರ ಇನ್ನೂ ಬಂದಿಲ್ಲ. ಹರಳು ಮಾತ್ರ ನಿನ್ನೆಯೇ ತರಿಸಿ ಡ್ರಮ್ಮಿನ ಪಕ್ಕದಲ್ಲಿ ಇಟ್ಟಿದ್ದಾಳೆ. ನೀರು ಹಾಕಿಲ್ಲ.