ಗೂರ್ಖನ ಹೆಸರು

ನಮ್ಮಪ್ಪ ನೇಪಾಳದವನು. ಹೀಗಂದ ತಕ್ಷಣ ಎದುರಿಗಿರೋರು ನನ್ನ ಕಣ್ಣು ಮೂಗು ನೋಡ್ತಾರೆ. ನೋಡಲಿ. ಆಲೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಅಳತೆ ಕೊಡೋಕೆ ಬಂದವರು ಊರಿನ ಸುದ್ದಿಯೆಲ್ಲ ಮಾತಾಡಿ ಮುಗಿಸಿ, ಹೋಗೋ ಮುಂಚೆ 'ಕನ್ನಡ ಎಷ್ಟು ಚೆನ್ನಾಗಿ ಕಲಿತಿದೀರಲ್ಲ' ಅಂತಾರೆ. ಹುಟ್ಟಿದ್ದು ಸಕಲೇಶಪುರದಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ, ಕಟ್ಟಿಕೊಂಡಿದ್ದು ಆಲೂರಿನ ಗಂಡನ್ನ. ಇನ್ಯಾವ ಭಾಷೆ ಮಾತಾಡಬೇಕಿತ್ತೋ ನಾನು! ಮೊದಮೊದಲು ನಕ್ಕು ಸುಮ್ಮನಾಗ್ತಿದ್ದೆ. ಈಗ ಟೇಪು ಸ್ವಲ್ಪ ಬಿಗಿಯಾಗೇ ಎಳೀತೀನಿ.

ನಂಗೆ ಕಾಗದದ ತಕರಾರಿಲ್ಲ, ಇಲ್ಲೇ ಹುಟ್ಟಿದವಳು. ತಕರಾರು ಬಂದಿದ್ದು ಅಪ್ಪನಿಗೆ. ನಾನು ಹುಟ್ಟೋಕೆ ಎಷ್ಟೋ ಮುಂಚೆ ಅವನು ಮಾರನಹಳ್ಳಿ ಮೇಲಿನ ಒಂದು ಕಾಫಿ ಎಸ್ಟೇಟಿಗೆ ಕಾವಲಿಗೆ ಬಂದ. ಆವತ್ತಿಂದ ಅವನು ಗೂರ್ಖ. ಸಾಹುಕಾರರಿಗೂ ಗೂರ್ಖ, ಲೆಕ್ಕ ಬರೆಯೋ ರೈಟರಿಗೂ ಗೂರ್ಖ, ರಸ್ತೆ ಬದಿಯ ಟೀ ಅಂಗಡಿಯವರಿಗೂ ಗೂರ್ಖ. ಅಮ್ಮ ಗೂರ್ಖನ ಹೆಂಡ್ತಿ, ನಾನು ಗೂರ್ಖನ ಮಗಳು. ಅಮ್ಮ ಸತ್ತ ದಿನ ಕೂಲಿಯವರ ಲೈನಿನ ಮನೆಮನೆಗೂ ಸುದ್ದಿ ಹೋಗಿದ್ದು 'ಗೂರ್ಖನ ಹೆಂಡ್ತಿ ಹೋಗ್ಬುಟ್ಳಂತೆ' ಅಂತಲೇ. ಅದರಲ್ಲಿ ತಪ್ಪು ಅಂತ ಯಾರಿಗೂ ಕಂಡಿರಲಿಲ್ಲ, ನಮಗೂ ಕಂಡಿರಲಿಲ್ಲ. ಪ್ರೀತಿಯಿಂದಲೇ ಕರೀತಿದ್ದರು. ಎಲೆಕ್ಷನ್ ಬಂದರೆ ಲೈನಿನವರೆಲ್ಲ ಪಿಕಪ್ ಹತ್ತಿ ಓಟು ಹಾಕೋಕೆ ಹೋಗ್ತಿದ್ದರು. ಕಾಫಿ ಮೂಟೆ ತುಂಬಿದ ಸ್ಟೋರ್ ಕಾಯೋಕೆ ಗೂರ್ಖ ಇದಾನಲ್ಲ ಅಂತ ಎಲ್ಲರಿಗೂ ನಿಶ್ಚಿಂತೆ. ಸಂಜೆ ಎಲ್ಲರೂ ಬೆರಳಿಗೆ ಮಸಿ ಹಾಕಿಸ್ಕೊಂಡು ಬಂದ ಮೇಲೆ ಅಪ್ಪ ಬೀಗದ ಕೈ ಕೊಟ್ಟು ಊಟಕ್ಕೆ ಬರೋನು.

ಎರಡು ವರ್ಷದ ಹಿಂದೆ ನಮ್ಮ ಕಡೆ ಎಸ್ಟೇಟುಗಳಲ್ಲಿ ಹೊರಗಿನವರ ತಪಾಸಣೆ ಶುರುವಾಯ್ತು. ಎಲ್ಲೆಲ್ಲಿಂದಲೋ ಕೂಲಿಗೆ ಬಂದು ಲೈನುಗಳಲ್ಲಿ ಇರೋರು ಯಾರು ಏನು ಅಂತ ಪೊಲೀಸರು ಬಂದು ಬರ್ಕೊಂಡು ಹೋಗೋರು. ನಮ್ಮ ಎಸ್ಟೇಟಿಗೆ ಬಂದ ದಿನ ಕಾಫಿ ಒಣಗಿಸೋ ಕಣದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಅಪ್ಪ ಇಸ್ತ್ರಿ ಮಾಡಿದ ಖಾಕಿ ಹಾಕ್ಕೊಂಡು, ಸೀಟಿ ಊದುತ್ತಾ, 'ನೆಟ್ಟಗೆ ನಿಂತ್ಕೊಳ್ರೋ' ಅಂತ ಸಾಲು ಸರಿ ಮಾಡ್ತಿದ್ದನಂತೆ. ಪೊಲೀಸರಿಗೆ ಸಹಾಯ ಮಾಡೋಕೆ ತನ್ನನ್ನ ಕರೆದಿದಾರೆ ಅಂತಲೇ ಅವನ ಲೆಕ್ಕ. ಎಲ್ಲ ಸರಿ ಮಾಡಿ ಮುಗಿಸಿದ ಮೇಲೆ ಒಬ್ಬ ಎಳೇ ಪೊಲೀಸು ಅವನ ಕೈಗೂ ನಂಬರ್ ಬರೆದ ಸ್ಲೇಟು ಕೊಟ್ಟು, ನೀನೂ ನಿಂತ್ಕೋ ತಾತ ಅಂದ. ಅಪ್ಪ ಆಧಾರ್ ಕಾರ್ಡು ತೋರಿಸಿದ. ಇದು ನೀನು ಇಲ್ಲಿ ಇದೀಯ ಅನ್ನೋಕೆ ಮಾತ್ರ, ಇಲ್ಲಿಯವನು ಅನ್ನೋಕಲ್ಲ ಅಂದರಂತೆ. ಸೀಟಿ ಕುತ್ತಿಗೆಯಲ್ಲಿ ನೇತಾಡ್ತಿರೋ ಹಾಗೇ ಸ್ಲೇಟು ಹಿಡಿಸಿ ಫೋಟೋ ತೆಗೆದರು. ಸಾಲಿನಲ್ಲಿದ್ದವರು ನಕ್ಕರಂತೆ.

ಮಾರನೇ ದಿನ ಬೆಳಿಗ್ಗೆ ಅಪ್ಪ ಆಲೂರಿಗೆ ಬಂದ. ಟೀ ಕೊಟ್ಟೆ, ಕುಡಿಯಲಿಲ್ಲ. ಟೋಪಿ ತೊಡೆ ಮೇಲಿಟ್ಟುಕೊಂಡು ಕೂತಿದ್ದ.

"ಇನ್ನೊಂದ್ಸಲ ಆ ಸಾಲಲ್ಲಿ ನಾನ್ ನಿಲ್ಲಕಿಲ್ಲ ಮಗಾ," ಅಂದ. "ಅದೇನ್ ಕಾಗ್ದ ಬೇಕೋ ಮಾಡ್ಸು."

ಅಪ್ಪ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಸಕಲೇಶಪುರದ ಒಬ್ಬ ವಕೀಲರನ್ನ ಹಿಡಿದೆ. ನೇಪಾಳದವರಿಗೆ ಇಲ್ಲಿ ಇರೋಕೆ, ದುಡಿಯೋಕೆ ವೀಸಾ ಗೀಸಾ ಏನೂ ಬೇಡವಂತೆ. ಆದರೆ ಇಲ್ಲಿಯವನು ಅನ್ನಿಸ್ಕೋಬೇಕಾದರೆ ಪೌರತ್ವಕ್ಕೆ ಅರ್ಜಿ ಹಾಕಬೇಕು. ಆ ಅರ್ಜಿಯ ಹಿಂದೆ ನಾವು ಸವೆಸಿದ ಚಪ್ಪಲಿಗೆ ಲೆಕ್ಕ ಇಲ್ಲ. ಅಪ್ಪನಿಗೆ ಕನ್ನಡ ಬರುತ್ತೆ ಅಂತ ಒಂದು ಸರ್ಟಿಫಿಕೇಟ್ ಬೇಕು ಅಂದರು. ರಿಟೈರಾದ ನಮ್ಮ ಹೆಡ್‌ಮೇಷ್ಟ್ರ ಮುಂದೆ ಅಪ್ಪನನ್ನ ಕೂರಿಸಿದೆ. ಇಬ್ಬರೂ ಕಾಡುಹಂದಿ ಗದ್ದೆಗೆ ನುಗ್ಗಿದ ಕತೆ ಮಾತಾಡ್ತಾ ಕೂತು, ಸರ್ಟಿಫಿಕೇಟ್ ವಿಷಯ ಇಬ್ಬರಿಗೂ ಮರೆತೇ ಹೋಯ್ತು. ನಾನೇ ನೆನಪು ಮಾಡಿ ಬರೆಸಿಕೊಂಡೆ.

ಇವರನ್ನ ಚೆನ್ನಾಗಿ ಬಲ್ಲೆವು ಅಂತ ಊರಿನ ಇಬ್ಬರು ಪ್ರಮಾಣ ಪತ್ರ ಕೊಡಬೇಕಿತ್ತು. ಟೀ ಅಂಗಡಿಯವರನ್ನ ಕೇಳಿದೆ. ನಾನು ಅವರನ್ನ ಮಾವ ಅಂತ ಕರೀತೀನಿ, ಅವರ ಬೆಂಚಿನ ಮೇಲೆ ಕೂತೇ ಅ ಆ ಇ ಈ ಬರೆದವಳು. 'ಗೂರ್ಖಂಗಾ? ಕೊಡಿಲ್ಲಿ' ಅಂತ ಎಣ್ಣೆ ಕೈ ಒರೆಸ್ಕೊಂಡು ವಕೀಲರು ತೋರಿಸಿದ ಕಡೆ ಸೈನ್ ಹಾಕಿದರು. ಎಸ್ಟೇಟಿನ ರೈಟರೂ ಹಾಗೇ. ಒಂದು ಅಕ್ಷರ ಓದಲಿಲ್ಲ. ಅಷ್ಟು ನಂಬಿಕೆ ಅಂತ ನನ್ನ ಎದೆ ಉಬ್ಬಿತ್ತು. ಆಮೇಲೆ ಪೇಪರಿನಲ್ಲಿ ಪ್ರಕಟಣೆ. ಇಂಥವರು ಭಾರತದ ಪೌರತ್ವ ಕೇಳಿದಾರೆ, ಆಕ್ಷೇಪಣೆ ಇದ್ದವರು ತಿಳಿಸಬಹುದು ಅಂತ, ಅಪ್ಪನ ಮೂರು ತುಂಡಿನ ಹೆಸರು ದಪ್ಪ ಅಕ್ಷರದಲ್ಲಿ. ಆ ಪೇಪರು ಟೀ ಅಂಗಡಿಗೂ ಬಂತು. ಎಲ್ಲರೂ ತಿರುವಿ ಹಾಕಿದರು, ಸಂಜೆ ಅದರಲ್ಲೇ ಬೋಂಡ ಕಟ್ಟಿ ಕೊಟ್ಟರು. ಯಾರೂ ತುಟಿಪಿಟಿಕ್ ಅನ್ನಲಿಲ್ಲ. ಯಾರದ್ದೂ ಆಕ್ಷೇಪಣೆ ಇಲ್ಲ ಮಗಾ ಅಂತ ಅಪ್ಪ ಹಿಗ್ಗಿ ಹೀರೇಕಾಯಿ ಆದ. ನಾನೂ ಆದೆ.

ಇಂಟರ್‌ವ್ಯೂ ಇರುತ್ತೆ, ರೆಡಿ ಮಾಡಿಸಿ ಅಂತ ವಕೀಲರು ಹೇಳಿದ್ದರು. ಭಾನುವಾರ ಬಂದರೆ ಅಂಗಡಿಗೆ ಬೀಗ ಹಾಕಿ ಮಾರನಹಳ್ಳಿ ಬಸ್ ಹತ್ತೋಳು. ಲೈನ್ ಮನೆ ಜಗುಲಿಯಲ್ಲಿ ನಮ್ಮ ಪಾಠ. ರಾಷ್ಟ್ರಪತಿ ಯಾರು, ಮುಖ್ಯಮಂತ್ರಿ ಯಾರು, ರಾಷ್ಟ್ರಪಕ್ಷಿ ಯಾವುದು. ನವಿಲು ಅನ್ನೋದಲ್ಲದೆ, ಅದು ಸೊಪ್ಪಿನ ಮಡಿ ಹಾಳು ಮಾಡುತ್ತೆ ಅಂತ ಬೇರೆ ಸೇರಿಸೋನು. ಅದೆಲ್ಲ ಹೇಳಬೇಡ ಅಂತ ಗದರಿದೆ. ರಾಷ್ಟ್ರಗೀತೆ ಹೇಳು ಅಂದರೆ ಕೂತು ಹೇಳೋಕೆ ಒಪ್ಪಲಿಲ್ಲ. ಎದ್ದು ಟೋಪಿ ಹಾಕ್ಕೊಂಡು ಬಂದು ನೆಟ್ಟಗೆ ನಿಂತು ಹೇಳ್ತಿದ್ದ, ನಾಯಿ ಅವನ ಕಾಲು ನೆಕ್ತಾ ಇದ್ದರೂ ಅಲುಗಾಡ್ತಿರಲಿಲ್ಲ. ಐತೆ ಅನ್ನಬೇಡ, ಇದೆ ಅನ್ನು ಅಂತ ನಾನು ಪಟ್ಟು ಹಿಡಿದೆ. ಪಾಪ, ಬಾಯಿ ಪಾಠ ಮಾಡಿದ. ನಾಯಿಗೂ 'ಅನ್ನ ಇದೆ, ಬಾ' ಅಂತ ಕರೆಯೋಕೆ ಶುರು ಮಾಡಿದ. ಲೈನಿನ ಹೆಂಗಸರು, ಗೂರ್ಖ ಪಟ್ಟಣದೋನಾಗ್ಬುಟ್ಟ ಕಣ್ರೇ ಅಂತ ರೇಗಿಸೋರು.

ಹಾಸನಕ್ಕೆ ಹೋದ ದಿನ ನಾನೇ ಹೊಲಿದ ಬಿಳಿ ಅಂಗಿ ಹಾಕ್ಕೊಂಡಿದ್ದ. ಬಸ್ಸಿನಲ್ಲಿ ಒರಗಿ ಕೂರಲಿಲ್ಲ, ಇಸ್ತ್ರಿ ಹಾಳಾಗುತ್ತೆ ಅಂತ. ಒಬ್ಬ ಆಫೀಸರಮ್ಮ ನಮ್ಮನ್ನ ಒಳಗೆ ಕರೆದು ಕೂರಿಸಿದರು. ನಾನು ತಲೆಗೆ ತುಂಬಿದ ರಾಷ್ಟ್ರಪಕ್ಷಿ ಗಿಷ್ಟ್ರಪಕ್ಷಿ ಏನನ್ನೂ ಅವರು ಕೇಳಲಿಲ್ಲ. ಊಟಕ್ಕೆ ಏನು ಮಾಡ್ಕೋತೀರಿ, ಈ ಸಲ ಮೆಣಸು ಹೇಗಿದೆ, ಆನೆ ಕಾಟ ಇದೆಯಾ ಅಂತ ಕೇಳಿದರು. ಅಪ್ಪ ಒಂದೊಂದಕ್ಕೂ ಯೋಚನೆ ಮಾಡಿ, ಇದೆ, ಇಲ್ಲ, ಬರುತ್ತದೆ ಅಂತ ರೇಡಿಯೋದವರ ಹಾಗೆ ಉತ್ತರ ಕೊಡ್ತಿದ್ದ. ನಂಗೇ ನಗು ಬಂತು. ಕೊನೆಗೆ ಅವರು, ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಬೇಕು ನಿಮಗೆ ಪೌರತ್ವ ಅಂದರು. ಇದನ್ನ ನಾವು ಕಲಿತಿರಲಿಲ್ಲ.

ಅಪ್ಪ ನನ್ನ ಕಡೆ ನೋಡಿದ. ಆಮೇಲೆ ಬಾಯಿಪಾಠವೆಲ್ಲ ಮರೆತು ಹೇಳಿದ. "ಕಾಯೋ ಕೆಲ್ಸ ಎಷ್ಟ್ ಬೇಕಾದ್ರೂ ಮಾಡ್ತೀನಿ ತಾಯಿ. ಕಳ್ಳನ್ ಥರ ಸಾಲಲ್ಲಿ ನಿಲ್ಲೋಕೆ ಮಾತ್ರ ಆಗಕಿಲ್ಲ. ನಂಗೂ ಮಾನ ಐತೆ."

ಆ ಹೆಣ್ಣುಮಗಳು ಪೆನ್ನು ಕೆಳಗಿಟ್ಟರು. ನಿಮ್ಮ ಮಾತು ಕೇಳಿದರೆ ನಮ್ಮ ಮಾವನ ಮಾತು ಕೇಳಿದ ಹಾಗೇ ಆಯ್ತು, ನಮ್ಮ ಕಡೆಯವರೇ ಬಿಡಿ ನೀವು ಅಂದರು. ಇನ್ನು ಪೊಲೀಸ್ ಸ್ಟೇಷನ್ನಿಂದ ಒಂದು ವರದಿ ಬರಬೇಕು, ಆ ವಿಳಾಸದಲ್ಲಿ ಇದೀರಿ ಅಂತ ಖಾತ್ರಿ ಆದರೆ ಮೇಲಕ್ಕೆ ಕಳಿಸ್ತೀವಿ ಅಂದರು. ಹೊರಗೆ ಬಂದು ಹೋಟೆಲಿನಲ್ಲಿ ಅಪ್ಪ ಎರಡು ಮಸಾಲೆ ದೋಸೆ ತಿಂದ. ಅಮ್ಮ ಇರಬೇಕಿತ್ತು ಅಂದ. ನಾನು ಕಣ್ಣೊರೆಸ್ಕೊಂಡೆ, ಖುಷಿಗೇ.

ಕೆಲವು ತಿಂಗಳಾದ ಮೇಲೆ ಕಾಗದ ಬಂತು. ಸದರಿ ಹೆಸರಿನ ವ್ಯಕ್ತಿ ಸದರಿ ವಿಳಾಸದಲ್ಲಿ ವಾಸವಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಓದಿದೆ, ಮತ್ತೆ ಓದಿದೆ. ಯಾರೋ ಅಪ್ಪನ ಮೇಲೆ ಹೊಟ್ಟೆಕಿಚ್ಚಿಗೆ ಕಡ್ಡಿ ಆಡಿಸಿದಾರೆ, ಅವರ ಮನೆ ಹಾಳಾಗ ಅಂತ ಶಾಪ ಹಾಕ್ತಾ ಮಾರನಹಳ್ಳಿಗೆ ಓಡಿದೆ.

ಯಾರೂ ಕಡ್ಡಿ ಆಡಿಸಿರಲಿಲ್ಲ. ಒಬ್ಬ ಕಾನ್‌ಸ್ಟೇಬಲ್ ಬಂದಿದ್ದನಂತೆ, ಹೊಸಬ. ಕಾಗದದಲ್ಲಿದ್ದ ಹೆಸರು ಓದಿ, ಇವರ ಮನೆ ಯಾವುದು ಅಂತ ಟೀ ಅಂಗಡಿಯಲ್ಲಿ ಕೇಳಿದ್ದಾನೆ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂದಿದಾರೆ ನಮ್ಮ ಮಾವ. ಆ ಹೆಸರನ್ನ ತಾನು ಚೆನ್ನಾಗಿ ಬಲ್ಲೆ ಅಂತ ಪ್ರಮಾಣ ಮಾಡಿ ಸೈನ್ ಹಾಕಿದ್ದ ಅದೇ ಮಾವ! ಬೆಂಚಿನಲ್ಲಿದ್ದವರೂ ತಲೆ ಆಡಿಸಿದಾರೆ. ಲೈನಿನಲ್ಲಿ ಕೇಳಿದ್ದಕ್ಕೆ, ಈ ಎಸ್ಟೇಟಲ್ಲ, ಘಾಟಿ ಕೆಳಗೆ ಕೇಳಿ ಅಂದಿದಾರೆ. ರೈಟರು ರಜೆಯಲ್ಲಿದ್ದ, ಅಪ್ಪ ತೋಟದ ಮೇಲಿನ ಬ್ಲಾಕಿನಲ್ಲಿ ಮಂಗ ಓಡಿಸ್ತಿದ್ದ. ಕಾನ್‌ಸ್ಟೇಬಲ್ಲು ಗೇಟಿನ ಹತ್ತಿರ ಅಪ್ಪನ ಕುರ್ಚಿ ಮೇಲೇ ಕೂತು ಸಾಹುಕಾರರಿಗೆ ಫೋನ್ ಮಾಡಿದ್ದಾನೆ. ಅವರು, ಅಂಥ ಹೆಸರಿನ ಹೊರಗಿನವರು ನಮ್ಮಲ್ಲಿ ಇಲ್ಲವೇ ಇಲ್ಲ, ಕಾವಲಿಗೆ ಒಬ್ಬ ಮುದುಕ ಇದಾನೆ, ಅವನು ನಮ್ಮವನೇ ಅಂದಿದಾರೆ.

ನಮ್ಮವನೇ ಅಂತೆ! ಇಷ್ಟು ವರ್ಷದಲ್ಲಿ ಒಂದು ಸಲ, ಒಂದೇ ಸಲ, ಬಾಯಿ ತುಂಬ ನಮ್ಮವನು ಅಂದರು. ಅದೂ ಅವನನ್ನ ಹೊರಗೆ ಹಾಕೋಕೆ.

ಟೀ ಅಂಗಡಿ ಮುಂದೆ ನಿಂತು ಬಾಯಿಗೆ ಬಂದಂಗೆ ಬಯ್ದೆ. ನಿಮ್ಮ ಮಗಳ ಹೆರಿಗೆ ಟೈಮಲ್ಲಿ ಮಳೇಲಿ ಜೀಪು ತಳ್ಳಿದೋನು ಯಾರು, ನಿಮ್ಮ ಹಸು ಹಳ್ಳಕ್ಕೆ ಬಿದ್ದಾಗ ಹಗ್ಗ ಹಿಡಿದೋನು ಯಾರು, ದಿನಾ ಎರಡು ಹೊತ್ತು ನಿಮ್ಮ ಎದುರಿಗೆ ಕೂತು ಟೀ ಕುಡಿಯೋನ ಹೆಸರು ಏನು ಅಂತ ಕೇಳಬೇಕು ಅಂತ ಅನ್ನಿಸಲೇ ಇಲ್ವಾ ನಿಮಗೆ ಅಂದೆ. ನನ್ನ ಮದುವೆ ಕಾರ್ಡು ಅವರ ಗೋಡೆಯ ಕ್ಯಾಲೆಂಡರ್ ಹಿಂದೆ ಇನ್ನೂ ಸಿಕ್ಕಿಸಿತ್ತು. ಕಿತ್ತು ಅವರ ಮುಂದೆ ಹಿಡಿದೆ, ಅಪ್ಪನ ಹೆಸರು ಬಂಗಾರದ ಅಕ್ಷರದಲ್ಲಿ ಹೊಳೀತಿತ್ತು. ಮಾವ ಪಿಳಿಪಿಳಿ ಕಣ್ಣು ಬಿಟ್ಟರು.

"ಕೇಳೋ ಪ್ರಸಂಗನೇ ಬರ್ಲಿಲ್ಲ ಕಣವ್ವಾ," ಅಂದರು. "ಗೂರ್ಖ ಅಂದಿದ್ರೆ ಕೈ ಹಿಡ್ಕಂಡು ಮನೆ ತಂಕ ಬಿಟ್ಟು ಬರ್ತಿದ್ದೆ."

ಅದೂ ನಿಜವೇ. ಬಿಟ್ಟು ಬರ್ತಿದ್ದರು. ಅದಕ್ಕೇ ನಂಗೆ ಇನ್ನೂ ಉರಿಯೋದು. ಕೆಟ್ಟವರಾಗಿದ್ದರೆ ಬಯ್ದು ಹಗುರ ಆಗ್ತಿದ್ದೆ.

ಸಾಹುಕಾರರ ಹತ್ತಿರವೂ ಹೋದೆ. ಅಯ್ಯೋ ಎಂಥ ಕೆಲಸ ಆಗೋಯ್ತಮ್ಮ, ಅವನು ನಮ್ಮ ಮನೆಯವನ ಹಾಗೆ, ಈಗಲೇ ಒಂದು ಲೆಟರ್ ಕೊಡ್ತೀನಿ ಅಂತ ಎಸ್ಟೇಟಿನ ಹೆಸರು ಮೇಲೆ ಅಚ್ಚಾಗಿರೋ ಹಾಳೆ ತೆಗೆದರು. ಬರೆಯೋಕೆ ಶುರು ಮಾಡಿ, ಒಂದು ಸಾಲು ಮುಗಿಯೋ ಮೊದಲೇ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಿಮ್ಮಪ್ಪನ ಹೆಸರು ಏನಮ್ಮಾ ಅಂತ ಮೆತ್ತಗೆ ಕೇಳಿದರು. ಹೇಳಿದೆ. ಸರಿಯಾಗಿ ಬರೆಯೋಕೆ ಬರಲಿಲ್ಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಆ ಲೆಟರ್ ಇಟ್ಟುಕೊಂಡು ಮತ್ತೆ ಅರ್ಜಿ ಹಾಕಿದೀವಿ. ಮತ್ತೆ ಪ್ರಮಾಣ ಪತ್ರ, ಮತ್ತೆ ಪ್ರಕಟಣೆ, ಮತ್ತೆ ಇಂಟರ್‌ವ್ಯೂ. ಈ ಸಲ ಕೇಳೋಕೆ ಆ ಆಫೀಸರಮ್ಮನೂ ಇರಲ್ಲ, ವರ್ಗ ಆಗಿದೆ.

ಅಪ್ಪ ಮಾತ್ರ ಯಾರ ಮೇಲೂ ಸಿಟ್ಟಾಗಲಿಲ್ಲ. ಸಂಜೆ ಎಂದಿನ ಹಾಗೆ ಟೀ ಅಂಗಡಿಗೆ ಹೋದ. ಮಾವ ಆವತ್ತು ಕಾಸು ತಗೊಳ್ಳಲಿಲ್ಲವಂತೆ. ಎರಡು ದಿನ ಅಂಗಡಿಯವರೆಲ್ಲ ಕಷ್ಟಪಟ್ಟು ಅಪ್ಪನನ್ನ ಹೆಸರು ಹಿಡಿದು ಕರೆದರು. ನಾಲಿಗೆ ಹೊರಳಲಿಲ್ಲ, ನಗು ಬಂತು, ಅಪ್ಪನೂ ಯಾರನ್ನೋ ಕರೀತಿದಾರೆ ಅಂತ ತಿರುಗಿ ನೋಡದೆ ಹೋಗ್ತಿದ್ದ. ಮೂರನೇ ದಿನ ಮತ್ತೆ ಗೂರ್ಖ ಆದ.

ಈ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಮತ್ತೆ ತಪಾಸಣೆ ಬಂತು. ಸುದ್ದಿ ಕೇಳಿ ಅಂಗಡಿ ಹಾಗೇ ಬಿಟ್ಟು ಹೊರಟೆ. ನಾನು ಹೋಗಿ ಮುಟ್ಟೋ ಹೊತ್ತಿಗೆ ಕಣದಲ್ಲಿ ಸಾಲು ನಿಂತಾಗಿತ್ತು. ಅಪ್ಪ ಸೀಟಿ ತಂದಿರಲಿಲ್ಲ, ಖಾಕಿಯನ್ನೂ ಹಾಕಿರಲಿಲ್ಲ. ಯಾರೂ ಹೇಳೋ ಮುಂಚೆ ತಾನೇ ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದನಂತೆ. ಹತ್ತಿರ ಹೋಗಿ ಅವನ ತೋಳು ಹಿಡ್ಕೊಂಡೆ. ಅರ್ಜಿ ಹಾಕಿದೀವಿ ಸಾರ್ ಅಂದೆ, ರಸೀದಿ ತೋರಿಸಿದೆ. ಅದು ಬಂದಾಗ ಬರಲಿ, ಈಗ ಇದು ಅಂದರು. ಈ ಸಲ ನಂಬರ್ ಅಲ್ಲ, ಸ್ಲೇಟಿನ ಮೇಲೆ ಹೆಸರು ಬರೀತಿದ್ದರು. ಬಳಪ ಹಿಡಿದಿದ್ದ ಹುಡುಗ ಪೊಲೀಸು ಅಪ್ಪನ ಮುಂದೆ ಬಂದು, ಹೆಸರು ಹೇಳಪ್ಪ ಅಂದ.

ನಾನು ಹೇಳೋಕೆ ಬಾಯಿ ತೆರೆದೆ. ಅಪ್ಪ ನನ್ನ ಕೈ ಒತ್ತಿ ಸುಮ್ಮನಿರಿಸಿದ.

"ಗೂರ್ಖ ಅಂತ ಬರ್ಕೊಳ್ಳಿ ಸಾರ್," ಅಂದ. "ಆಮೇಲೆ ಹುಡುಕ್ಕಂಡು ಬಂದ್ರೆ ಸಿಕ್ತೀನಿ."