ರೋಬೋಟ್ ರಜ ಕೇಳಿದ್ದು

ಸ್ನೇಹಿತರೆ, ಇವತ್ತು ಮಧ್ಯಾಹ್ನ ಹಳೆಯ ಕಾರ್ಟೂನ್ ಸಿ.ಡಿ. ಹಾಕಿದೆವು. ಹಾರುವ ಕಾರು, ಮನೆಗೆಲಸಕ್ಕೆ ರೋಬೋಟ್ ಇರುವ ಮುಂದಿನ ಕಾಲದ ಸಂಸಾರದ ಕಥೆ. ಮಾತೆಲ್ಲ ಇಂಗ್ಲಿಷ್. ಹೋದ ವರ್ಷ ತೀರಿಕೊಂಡ ನಮ್ಮ ಯಜಮಾನರು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದರು. ಇವತ್ತು ಮಗಳು ಹೇಳಲು ಕೂತಳು.

“ನೆಲ ಒರೆಸಾಯ್ತು ಅಂತೈತೆ ರೋಬೋಟು.”

“ಅಲ್ಲ ಕಣೆ. ಹಾಲುರಾಮೇಶ್ವರದ ಗುಡಿಗೆ ಹೋಗ್ಬೇಕು, ಎರಡು ದಿನ ರಜ ಕೊಡ್ರಿ ಅಂತೈತೆ. ನಿಮ್ಮಪ್ಪನೇ ಹೇಳಿದ್ದು.”

“ಅಪ್ಪ ತಮಾಷೆಗೆ ಹೇಳಿರ್ತಾರೆ ಅಜ್ಜಿ.”

“ನನ್ನ ಮಗ ನಂಗ್ಯಾಕೆ ಸುಳ್ಳು ಹೇಳ್ತಾನೆ? ನಿಂಗೇ ಇಂಗ್ಲಿಷ್ ಬರಲ್ಲ ಬಿಡು.”

ಅತ್ತೆ ಎದ್ದು ಹೊರಟರು. ಮಗಳು ಕೈ ಹಿಡಿದು ಕೂರಿಸಿದಳು.

“ಹೌದಜ್ಜಿ, ಎರಡು ದಿನಾನೇ ಕೇಳ್ತೈತೆ. ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ.”

ಮಗಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳಪ್ಪ ಓದಿದ್ದು ಏಳನೇ ಕ್ಲಾಸು.